ಗಿಣ್ಣ ತಿನ್ನದ ಮನೆ

ನಮ್ಮ ಎಮ್ಮೆ ಈದಾಗ ನನ್ನ ಹೆಂಡತಿ ಲಕ್ಕವ್ವ ಓಣಿಗೆಲ್ಲ ಗಿಣ್ಣದ ಹಾಲು ಹಂಚಿದಳು, ಮಾಳಪ್ಪನ ಮನೆಯೊಂದನ್ನು ಬಿಟ್ಟು.

ಮಸಗುಪ್ಪಿಯಲ್ಲಿ ಎಮ್ಮೆ ಈದರೆ ಮೊದಲ ಎರಡು ಮೂರು ದಿನದ ಹಾಲು ಮನೆಯವರದಲ್ಲ, ಓಣಿಯದು. ಒಂದಿಷ್ಟು ದೇವರಿಗೆ, ಉಳಿದದ್ದು ಮನೆಮನೆಗೆ. ಅವರು ಅದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿ, ಗಟ್ಟಿಯಾದ ಗಿಣ್ಣವನ್ನು ಮಕ್ಕಳ ತಾಟಿಗೆ ಹಾಕಿ, ನಮ್ಮ ಪಾತ್ರೆಯನ್ನು ಖಾಲಿ ಕಳಿಸಬಾರದೆಂದು ಒಂದು ಹಿಡಿ ಜೋಳವನ್ನೋ ಬೆಲ್ಲದ ಚೂರನ್ನೋ ಇಟ್ಟು ಕಳಿಸುತ್ತಾರೆ. ನಮ್ಮ ಅಪ್ಪನ ಕಾಲದಿಂದಲೂ ಹೀಗೇ. ಆದರೆ ಆ ಸಲ ಮಾಳಪ್ಪನ ಹೆಂಡತಿ ಶಂಕ್ರವ್ವನ ಕೋಳಿಗಳು ನಮ್ಮ ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿಯ ಮೇಲೆಲ್ಲ ಓಡಾಡಿ ಹೇತು ಹೋಗಿದ್ದವು. ಲಕ್ಕವ್ವ ಕೋಳಿಗಳಿಗೆ ಬೈದಳು. ಶಂಕ್ರವ್ವ ಅದನ್ನು ತನಗೇ ಬೈದದ್ದು ಅಂದುಕೊಂಡಳು. ಖರೆ ಹೇಳಬೇಕೆಂದರೆ ಬೈದದ್ದು ಅವಳಿಗೇ. ಅಲ್ಲಿಗೆ ಎರಡೂ ಮನೆಯ ಹೆಂಗಸರ ಮಾತು ನಿಂತಿತ್ತು.

ಗಂಡಸರಾದ ನಮಗೆ ಇದರ ಗೊಡವೆ ಇರಲಿಲ್ಲ. ಮಾಳಪ್ಪ ನನಗಿಂತ ಬಹಳ ಸಣ್ಣವ, ನನ್ನನ್ನು ಕಾಕಾ ಅನ್ನುತ್ತಿದ್ದ. ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದ, ಸಕ್ಕರೆ ಕಾರ್ಖಾನೆಗಳು ಶುರುವಾದರೆ ಕಬ್ಬು ಕಡಿಯುವ ಟೋಳಿಯ ಜೊತೆ ಹುಕ್ಕೇರಿ ಕಡೆಗೆ ಹೋಗುತ್ತಿದ್ದ. ಊರಿಗೆಲ್ಲ ಅವನು ಬೇಕಾಗುತ್ತಿದ್ದದ್ದು ಬೇರೊಂದು ಕೆಲಸಕ್ಕೆ. ದನದ ಗಂಟಲಿನಲ್ಲಿ ಏನಾದರೂ ಸಿಕ್ಕಿಕೊಂಡರೆ ಅದನ್ನು ಹೊರಗೆ ತೆಗೆಯುವವನು ಅವನೊಬ್ಬನೇ. ಕಬ್ಬಿನ ತುಂಡು, ಮಾವಿನ ಗೊರಟೆ, ಒಂದು ಸಲ ಅಲ್ಲಪ್ಪನ ಆಕಳ ಗಂಟಲಿನಿಂದ ಪ್ಲಾಸ್ಟಿಕ್ ಚೀಲ. ಅವನ ತೋಳು ಸಣ್ಣದು, ಉದ್ದನೆಯದು. ಮೊಣಕೈವರೆಗೆ ಶೇಂಗಾ ಎಣ್ಣೆ ಸವರಿಕೊಂಡು ಒಳಗೆ ಹಾಕುತ್ತಿದ್ದ. ಕೆಲಸ ಮುಗಿದ ಮೇಲೆ ಒಂದು ಕಪ್ ಚಹಾ, ಅಷ್ಟೇ. ಬೇರೆ ಏನು ಕೊಟ್ಟರೂ ತೆಗೆದುಕೊಳ್ಳುತ್ತಿರಲಿಲ್ಲ.

ಈದ ನಾಲ್ಕೈದು ದಿನಕ್ಕೆ ನಮ್ಮ ಎಮ್ಮೆ ಮೇವು ಬಿಟ್ಟಿತು. ಬಾಯಿಂದ ಎಳೆ ಎಳೆಯಾಗಿ ಜೊಲ್ಲು. ನೀರಿನ ದೋಣಿಗೆ ಮೂತಿ ಇಡುತ್ತಿತ್ತು, ನುಂಗಲು ಆಗುತ್ತಿರಲಿಲ್ಲ. ಕೂಗಿದರೆ ಗಂಟಲು ಒಡೆದ ದನಿ. ನಾನು ನೋಡಿದ ತಕ್ಷಣ, ಗಂಟಲಲ್ಲಿ ಕಬ್ಬಿನ ತುಂಡು ಸಿಕ್ಕಿದೆ ಅಂದೆ. ಯಾವ ಒಕ್ಕಲಿಗನನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದ. ಲಕ್ಕವ್ವ ಮೂತಿ ತಿರುಗಿಸಿದರೂ ಕೇಳದೆ ಮಾಳಪ್ಪನನ್ನು ಕರೆದುಕೊಂಡು ಬಂದೆ.

"ಕಾಕಾ, ನಾಲಿಗಿ ಬಾಜೂಕ ಗಟ್ಟಿ ಹಿಡೀರಿ. ಜಾರಿತಂದ್ರ ನನ್ನ ಕೈ ಹೋತು" ಅಂದ ಮಾಳಪ್ಪ ನಗುತ್ತ.

ನಾನು ಎಮ್ಮೆಯ ನಾಲಿಗೆಯನ್ನು ಪಕ್ಕಕ್ಕೆ ಎಳೆದು ಎರಡೂ ಕೈಯಲ್ಲಿ ಹಿಡಿದೆ. ಅವನು ಮೊಣಕೈವರೆಗೆ ಕೈ ಇಳಿಸಿದ. ಎಮ್ಮೆ ತಲೆ ಕೊಡವಿತು, ದವಡೆ ಹಲ್ಲು ಅವನ ಮುಂಗೈ ಮೇಲೆ ಉದ್ದಕ್ಕೆ ಗೀರಿತು. ಬೆರಳ ಗಂಟುಗಳಿಂದ ರಕ್ತ ಬಂತು. ಅವನು ಕೈ ಹೊರಗೆ ತೆಗೆಯಲಿಲ್ಲ, ಹುಡುಕುತ್ತಲೇ ಇದ್ದ. ಕಡೆಗೆ ತೆಗೆದು, "ಏನೂ ಇಲ್ರಿ. ಗಂಟಲಾ ಸ್ವಚ್ಛ ಐತಿ" ಅಂದ. ಅವನ ಮುಖದಲ್ಲಿ ನಾಚಿಕೆ ಇತ್ತು, ತನ್ನ ಕೈಗೆ ಸೋಲಾಯಿತೆಂದು. ಗಾಯಕ್ಕೆ ಅರಿಷಿಣ ಹಚ್ಚಿಕೊಂಡ. ಲಕ್ಕವ್ವ ಚಹಾ ಮಾಡಿದಳು, ಕೊಟ್ಟದ್ದು ಮಾತ್ರ ನನ್ನ ಕೈಯಲ್ಲಿ.

ಮರುದಿನ ಎಮ್ಮೆ ಗೋಡೆಗೆ ಹಾಯ್ದು ಹಾಯ್ದು ಸತ್ತಿತು.

ದನದ ಡಾಕ್ಟರರು ಬಂದು ಸತ್ತ ಎಮ್ಮೆಯ ಸುತ್ತ ಒಂದು ಸುತ್ತು ಹಾಕಿ, ಯಾರೂ ಮುಟ್ಟಬೇಡಿ ಅಂದರು. ಈ ಎಮ್ಮೆಗೆ ನಾಯಿ ಕಚ್ಚಿತ್ತೇ ಎಂದು ಕೇಳಿದರು. ತಿಂಗಳೊಪ್ಪತ್ತಿನ ಹಿಂದೆ ಬಣಿವೆಯ ಹತ್ತಿರ ಒಂದು ಬಿಡಾಡಿ ನಾಯಿ ಅದರ ಮೂತಿಗೆ ಬಾಯಿ ಹಾಕಿದ್ದು ನನಗೆ ಆಗ ನೆನಪಾಯಿತು. ಸಣ್ಣ ಗೀರು, ಅರಿಷಿಣ ಹಚ್ಚಿ ಮರೆತಿದ್ದೆವು. "ಹುಚ್ಚುನಾಯಿ ರೋಗ ಇದು" ಅಂದರು. ಪರೀಕ್ಷೆಗೆ ಕಳಿಸುತ್ತೇನೆ, ಆದರೆ ಅದಕ್ಕಾಗಿ ಕಾಯಬೇಡಿ ಅಂದರು. "ಇದರ ಬಾಯಾಗ ಕೈ ಹಾಕಿದವರು ಯಾರ್ರಿ?"

"ನಾನೂ ಮಾಳಪ್ಪನೂ" ಅಂದೆ.

"ಇಬ್ಬರೂ ಈಗಿಂದೀಗ ಸಾಬಾಣ ಹಚ್ಚಿ ಚಲೋತ್ನಾಗ ತೊಳಕೊಳ್ರಿ. ಇವತ್ತ ದವಾಖಾನಿಗಿ ಹೋಗ್ರಿ. ನಾಳೆ ಅನಬ್ಯಾಡ್ರಿ."

ಆ ಡಾಕ್ಟರರು ಇಷ್ಟು ಸ್ಪಷ್ಟವಾಗಿ ಹೇಳಿದ್ದರು. ಓಣಿಯವರೂ ಸುತ್ತಲೂ ನಿಂತು ಕೇಳಿದರು. ಆದರೆ ಅವರ ಕಿವಿಗೆ ಬಿದ್ದದ್ದು ಹುಚ್ಚುನಾಯಿ ರೋಗ ಎಂಬ ಎರಡು ಶಬ್ದ, ಕಣ್ಣ ಮುಂದೆ ಬಂದದ್ದು ತಾವು ತಿಂದ ಗಿಣ್ಣ. ಬಾಯಿಗೆ ಕೈ ಹಾಕಿದ ಮಾತು ಯಾರ ತಲೆಗೂ ಹೋಗಲಿಲ್ಲ. ನಮ್ಮೂರಿನವರಿಗೆ ಹೆದರಿಕೆ ಬರುವುದೇ ತಡವಾಗಿ, ಬಂದರೂ ತಪ್ಪು ಬಾಗಿಲಿನಿಂದ ಬರುತ್ತದೆ.

ಅಂದು ನಾನು ನೋಡಿದ ನಾಟಕ ಯಾವ ಕಂಪನಿಯವರೂ ಆಡಲಾರರು. ಹಿಟ್ಟಿನ ಗಿರಣಿಯ ಅಲ್ಲಪ್ಪ ಕನ್ನಡಿ ಹಿಡಿದು ನಾಲಿಗೆ ಚಾಚಿ ನೋಡಿಕೊಳ್ಳುತ್ತಿದ್ದ. ಎರಡು ಸಲ ಇಸಿದುಕೊಂಡು ತಿಂದಿದ್ದ ಗಿಣ್ಣ, ಕೇಳಬೇಕೆ! "ನನ್ನ ದನಿ ಬದಲಾಗೇತೇನ ನೋಡ" ಎಂದು ಹೆಂಡತಿಯನ್ನು ಕೇಳುತ್ತಿದ್ದ. ಒಬ್ಬಳು ಮಗುವಿನ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುತ್ತಿದ್ದಳು, ತಿಂದು ನಾಲ್ಕೈದು ದಿನವಾದ ಗಿಣ್ಣ ಹೊರಗೆ ಬರುವುದೆಂದು. ನಮ್ಮ ಮನೆಯ ಮುಂದೆ ಜಾತ್ರೆ ಸೇರಿದಂತೆ ಜನ. ಲಕ್ಕವ್ವ ಒಳಗೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಆ ಗದ್ದಲದ ನಡುವೆ ಒಬ್ಬಳ ಮುಖ ಮಾತ್ರ ತಣ್ಣಗಿತ್ತು. ಶಂಕ್ರವ್ವ ತನ್ನ ಕಟ್ಟೆಯ ಮೇಲೆ ಕೂತು, ನಮ್ಮ ಬಾಗಿಲಿಗೆ ಕೇಳುವ ಹಾಗೆ ಮಗಳು ಕಾಜಲ್‌ಗೆ ಹೇಳುತ್ತಿದ್ದಳು.

"ನಮಗ ಯಾರೂ ಗಿಣ್ಣ ಕೊಡಲಿಲ್ಲವಾ ತಂಗಿ. ನಾವು ಬಡವರು. ದೇವರಿಗಿ ಕಣ್ಣ ಅದಾವ ನೋಡ."

ಮರುದಿನ ಬೆಳಿಗ್ಗೆಯವರೆಗೆ ಕಾಯದೆ ನಾವು ಪಕ್ಕದ ಊರಿನ ಆರೋಗ್ಯ ಕೇಂದ್ರಕ್ಕೆ ಹೋದೆವು. ಒಂದು ಟ್ರ್ಯಾಕ್ಟರ್, ಒಂದು ಟೆಂಪೊ, ಮೋಟರ್ ಸೈಕಲ್ಲುಗಳು. ಮಾಳಪ್ಪನನ್ನು ನಾನೇ ಟ್ರ್ಯಾಕ್ಟರಿಗೆ ಹತ್ತಿಸಿದೆ. ಅಲ್ಲಿಯ ಡಾಕ್ಟರ್ ನೇತ್ರಾ, ಇನ್ನೂ ಎಳೆಯ ವಯಸ್ಸಿನ ಹೆಣ್ಣುಮಗಳು, ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಹೇಳಿದರು.

"ಕಾಸಿದ ಹಾಲಿನಿಂದ ಏನೂ ಆಗಂಗಿಲ್ರಿ. ಗಿಣ್ಣ ತಿಂದವರು ಹೆದರಬ್ಯಾಡ್ರಿ. ಎಮ್ಮಿ ಬಾಯಾಗ ಕೈ ಹಾಕಿದವರು, ಜೊಲ್ಲು ಮುಟ್ಟಿದವರು ಮೊದಲ ಬರ್ರಿ."

ಯಾರು ಕೇಳಬೇಕು? "ನಮ್ಮ ಮಕ್ಕಳು ಸತ್ತರ ನೀವು ಜವಾಬ್ದಾರೇನ್ರಿ?" ಎಂದು ಗದ್ದಲ ಎದ್ದಿತು. ಆ ಡಾಕ್ಟರಮ್ಮ ದನಿ ಹೋಗುವವರೆಗೆ ಹೇಳಿದರು. ನಾನು ಜನರನ್ನು ತಳ್ಳಿಕೊಂಡು ಮುಂದೆ ಹೋದೆ. ಹಿಂದೆ ತಿರುಗಿ, "ಮಾಳ್ಯಾ, ಬಾರೋ" ಎಂದು ಕೂಗಿದೆ.

ಅವನು ಬೇವಿನ ಗಿಡದ ಕೆಳಗೆ, ಎಲ್ಲರ ಹಿಂದೆ ನಿಂತಿದ್ದ. ಎರಡು ಹೆಜ್ಜೆ ಮುಂದೆ ಬಂದ. ಆಗ ಅಲ್ಲಪ್ಪ ಕೈ ಅಡ್ಡ ಹಿಡಿದ.

"ಏ, ಇಂವ ಯಾಕ ಬಂದಾನ? ಇವರ ಮನಿಗಿ ಗಿಣ್ಣ ಹೋಗೇ ಇಲ್ಲ. ತಿನ್ನದವಗ ಯಾಕ ಸೂಜಿ?"

ಜನ ನಕ್ಕರು. ಅಷ್ಟು ಹೆದರಿಕೆಯಲ್ಲೂ ನಗು ಬಂತು ಅವರಿಗೆ. ಯಾರೋ ಒಬ್ಬಳು, "ಔಷಧ ಮುಗದರ ನಮ್ಮ ಹುಡುಗರಿಗೆ ಏನ ಗತಿ" ಅಂದಳು. ಮಾಳಪ್ಪನಿಗೆ ಅವಮಾನವಾಯಿತು. ಕರೆಯದ ಊಟಕ್ಕೆ ಬಂದು ಪಂಕ್ತಿಯಿಂದ ಎಬ್ಬಿಸಿಕೊಂಡವನ ಹಾಗೆ ಮುಖ ಮಾಡಿದ.

"ಹುಡುಗರಿಗೆ ಮೊದಲ ಹಾಕ್ರಿ. ನಂದು ನಾ ನೋಡಕೋತೇನಿ" ಅಂದ.

"ಗಿಣ್ಣಲ್ಲಲೇ, ಕೈ! ಕೈ ಹಾಕೀ ನೀ!" ಎಂದು ನಾನು ಕೂಗಿದೆ. ಆ ಗದ್ದಲದಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ. ಅಷ್ಟರಲ್ಲಿ ನರ್ಸು ನನ್ನನ್ನು ಒಳಗೆ ಎಳೆದುಕೊಂಡಿದ್ದಳು.

ಡಾಕ್ಟರ್ ನೇತ್ರಾ ನನ್ನ ಕೈ ಹಿಡಿದು ಬೆರಳುಗಳನ್ನು ಬಿಡಿಸಿ ನೋಡಿದರು. ಕಬ್ಬಿನ ಎಲೆ ಕೊಯ್ದ ಸಣ್ಣ ಸಣ್ಣ ಗೀರು ಯಾವ ಒಕ್ಕಲಿಗನ ಬೆರಳಿನಲ್ಲಿ ಇರುವುದಿಲ್ಲ? "ಇಲ್ಲಿಂದನ ಒಳಗ ಹೋಗಬಹುದು" ಅಂದರು. ತೋಳಿಗೆ ಸೂಜಿ ಹಾಕಿದರು. ಮತ್ತೆ ಮೂರು ಸಲ ಬರಬೇಕು, ಕಡೆಯದು ಇಪ್ಪತ್ತೆಂಟನೆಯ ದಿನ ಅಂದರು. ಇಂದೇ ಗೋಕಾಕಕ್ಕೆ ಹೋಗಿ ಗಾಯದೊಳಗೇ ಇನ್ನೊಂದು ಔಷಧ ಹಾಕಿಸಿಕೊಳ್ಳಬೇಕು ಅಂದರು.

"ಎರಡೆರಡು ಯಾಕವಾ?" ಅಂದೆ. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ.

"ಕಾಕಾ, ಈ ರೋಗ ರಕ್ತದಾಗ ಓಡಂಗಿಲ್ಲ, ನರದಾಗ ಹೋಗತೈತಿ. ಬೆರಳಿನಿಂದ ಮುಂಗೈಗಿ, ಮುಂಗೈಯಿಂದ ತೋಳಿಗಿ, ಸಾವಕಾಶ, ಮಿದುಳಿನ ತನಕ. ಈಗ ಹಾಕಿದ ಸೂಜಿ ನಿಮ್ಮ ಮೈಗಿ ಅದನ್ನ ಹಿಡಿಯೂ ಪ್ರೋಟೀನು ಮಾಡಾಕ ಕಲಸತೈತಿ. ಕಲಿಯಾಕ ವಾರ, ಎರಡ ವಾರ ಬೇಕು. ಅಲ್ಲೀತನಕ ಗೋಕಾಕದಾಗ ಹಾಕೂದು ಕಾಯತೈತಿ. ಅದು ಸಿದ್ಧ ಮಾಡಿಟ್ಟ ಪ್ರೋಟೀನು, ಗಾಯದಾಗ ಇದ್ದದ್ದನ್ನ ಅಲ್ಲೇ ಹಿಡೀತೈತಿ."

"ಹಿಡೀಲಿಲ್ಲ ಅಂದ್ರ?"

"ಮಿದುಳ ಮುಟ್ಟಿತಂದ್ರ ಯಾರ ಕೈಯಾಗೂ ಏನೂ ಇಲ್ಲ."

ನನಗೆ ಕಾಲುವೆ ನೀರು ಕಣ್ಣಿಗೆ ಕಟ್ಟಿತು. ತೂಬಿನ ಹತ್ತಿರ ಇರುವಾಗ ಒಂದು ಬುಟ್ಟಿ ಮಣ್ಣು ಹಾಕಿದರೆ ನಿಲ್ಲುತ್ತದೆ, ಹೊಲ ಹೊಕ್ಕ ಮೇಲೆ ಏನು ಹಾಕಿದರೂ ನಿಲ್ಲದು. ಬಾಯಿಗೆ ಕೈ ಹಾಕಿದ ಇನ್ನೊಬ್ಬರು ಎಲ್ಲಿ ಎಂದು ಡಾಕ್ಟರ್ ಕೇಳಿದರು. ಹೊರಗೆ ಬಂದು ನೋಡಿದರೆ ಬೇವಿನ ಗಿಡದ ಕೆಳಗೆ ಯಾರೂ ಇರಲಿಲ್ಲ.

ಗೋಕಾಕಕ್ಕೆ ಹೋಗಿ ಬೆರಳಿನ ಸಂದುಗಳಲ್ಲೆಲ್ಲ ಸೂಜಿ ಚುಚ್ಚಿಸಿಕೊಂಡು, ಊದಿದ ಕೈ ಹೊತ್ತುಕೊಂಡು ಸಂಜೆ ಊರಿಗೆ ಬಂದು ನೇರ ಮಾಳಪ್ಪನ ಮನೆಗೆ ಹೋದೆ. ಅವನಿಲ್ಲ. ಟೋಳಿಯ ಲಾರಿ ಬಂದಿತ್ತು, ಹುಕ್ಕೇರಿ ಕಡೆಗೆ ಹೋದ ಅಂದಳು ಶಂಕ್ರವ್ವ. ಡಾಕ್ಟರ್ ನೇತ್ರಾ ಕಳಿಸಿದ ಆರೋಗ್ಯ ಕಾರ್ಯಕರ್ತೆಯೂ ಬಂದು ವಿಚಾರಿಸಿ ಹೋಗಿದ್ದಳಂತೆ.

"ಅವಗ ಸೂಜಿ ಬೇಕ ಬೇಕವಾ. ಎಮ್ಮಿ ಹಲ್ಲು ನಟ್ಟೇತಿ ಅವಗ" ಅಂದೆ.

"ನಾವು ಗಿಣ್ಣ ತಿಂದಿಲ್ರಿ ಕಾಕಾ" ಅಂದಳು ಅವಳು. ಮುಗಿಯಿತು. ಅದೊಂದೇ ಮಾತು ಎಲ್ಲಕ್ಕೂ ಉತ್ತರವಾಗಿತ್ತು.

ಫೋನು ಮಾಡಿದೆ. ಮಾಳಪ್ಪ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ. ನಾನು ಬೈದೆ. ನನ್ನ ಬೈಗುಳದ ರುಚಿ ಅವನಿಗೆ ಗೊತ್ತಿತ್ತು. ಮರುದಿನ ಅವನೇ ಫೋನು ಮಾಡಿದ.

"ಸೂಜಿ ಮಾಡಿಸ್ಕೊಂಡೇನ್ರಿ ಕಾಕಾ. ಇಲ್ಲೇ ಹುಕ್ಕೇರ್ಯಾಗ, ಡಾಕ್ಟರ ಕಡೆ. ಇನ್ನ ಬಯ್ಯಬ್ಯಾಡ್ರಿ."

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಡಾಕ್ಟರ್ ನೇತ್ರಾ ಫೋನಿನಲ್ಲಿ ಕೇಳಿದಾಗಲೂ ಹಾಗೇ ಹೇಳಿದನಂತೆ, ಮುಂದಿನದನ್ನೂ ತಪ್ಪಿಸಬೇಡ ಎಂದು ಅವರು ಹೇಳಿದರೆ ಹೂಂ ಅಂದನಂತೆ. ನಾನು ನನ್ನ ಎರಡನೆಯದು, ಮೂರನೆಯದು ಹಾಕಿಸಿಕೊಂಡೆ. ಊರು ತಣ್ಣಗಾಯಿತು. ಗಿಣ್ಣ ತಿಂದವರಲ್ಲಿ ಒಬ್ಬನಿಗೂ ತಲೆನೋವು ಸಹ ಬರಲಿಲ್ಲ. ತಾನು ಗಟ್ಟಿಮುಟ್ಟಾಗಿದ್ದುದಕ್ಕೇ ಉಳಿದೆ ಎಂದು ಅಲ್ಲಪ್ಪ ಗಿರಣಿಯಲ್ಲಿ ಕೊಚ್ಚಿಕೊಳ್ಳುತ್ತಿದ್ದ.

ಮೂರು ವಾರ ದಾಟಿರಬೇಕು. ಮಾಳಪ್ಪ ಟೋಳಿ ಬಿಟ್ಟು ಊರಿಗೆ ಬಂದಿದ್ದಾನೆ, ಜ್ವರವಂತೆ ಎಂದು ಕೇಳಿ ನೋಡಲು ಹೋದೆ. ಮಧ್ಯಾಹ್ನದ ಹೊತ್ತು. ಹೊರಸಿನ ಮೇಲೆ ಕೂತಿದ್ದ. ಬಲಗೈಯನ್ನು ಎಡಗೈಯಿಂದ ಕೆರೆದುಕೊಳ್ಳುತ್ತಲೇ ಇದ್ದ. ಎಮ್ಮೆಯ ಹಲ್ಲು ಗೀರಿದ ಜಾಗ ಎಂದೋ ಮಾಯ್ದಿತ್ತು. ಆ ಮಾಯ್ದ ಚರ್ಮವನ್ನೇ ಕೆರೆದು ಕೆರೆದು ಕೆಂಪು ಮಾಡಿಕೊಂಡಿದ್ದ.

"ಇರುವಿ ಹರದಾಡಿದಂಗ ಆಗತೈತ್ರಿ. ಮುಂಗೈಯಿಂದ ತೋಳಿನ ತನಕ" ಅಂದ.

ಮುಂಗೈಗಿ, ತೋಳಿಗಿ, ಸಾವಕಾಶ. ಡಾಕ್ಟರ್ ನೇತ್ರಾ ನನ್ನ ಬೆರಳು ಹಿಡಿದು ಹೇಳಿದ ಹಾದಿಯನ್ನೇ ಇವನು ತೋರಿಸುತ್ತಿದ್ದ. ಮೈಯೆಲ್ಲ ಬೆವರಿತ್ತು, ಆದರೂ ಫ್ಯಾನು ಬಂದ್ ಮಾಡಿಸಿದ್ದ. ಗಾಳಿ ತಾಗಿದರೆ ಗಂಟಲು ಹಿಡಿಯುತ್ತದೆ ಅಂದ.

"ಹುಕ್ಕೇರ್ಯಾಗ ಎಷ್ಟು ಸೂಜಿ ಆದುವೋ?"

"ಒಂದ್ರಿ."

"ಒಂದ? ಏನಂದ್ರು ಡಾಕ್ಟರ?"

"ಗಾಯಕ್ಕ ಧನುರ್ವಾಯು ಆಗಬಾರ್ದಂತ ಹಾಕಿದ್ರು. ಒಂದ ಸಾಕ ಅಂದ್ರು."

"ಎಮ್ಮಿಗೆ ಹುಚ್ಚು ಹಿಡದಿತ್ತು ಅಂತ ಹೇಳೀಯೋ ಇಲ್ಲೋ?"

ಅವನು ನೆಲ ನೋಡಿದ. "ಟೋಳ್ಯಾಗಿನವರು ಬಾಜೂಕ ನಿಂತಿದ್ರಿ. ಕೇಳಿಸ್ಕೊಂಡಿದ್ರ ಕೂಡಿ ಉಣ್ಣಾಕ ಬಿಡ್ತಿದ್ದಿಲ್ಲ. ಎಮ್ಮಿ ಹಲ್ಲು ತರಚೇತಿ ಅಂತಷ್ಟ ಅಂದೆ. ಸೂಜಿ ಅಂದ್ರ ಸೂಜಿ ಅಲ್ರಿ?"

ಆ ಡಾಕ್ಟರನದೇನು ತಪ್ಪು? ಹೇಳಿದ ಗಾಯಕ್ಕೆ ಸರಿಯಾದ ಸೂಜಿಯನ್ನೇ ಹಾಕಿದ್ದಾನೆ. ಶಂಕ್ರವ್ವ ನನ್ನ ಮುಖವನ್ನೂ ಗಂಡನ ಮುಖವನ್ನೂ ನೋಡುತ್ತ, ಏನೋ ಮಾಡಬೇಕೆಂದು ಒಳಗೆ ಹೋಗಿ ಒಂದು ಗ್ಲಾಸು ನೀರು ತಂದು ಅವನಿಗೆ ಕೊಟ್ಟಳು.

"ಮುಂಜಾನಿಂದ ಏನೂ ಕುಡದಿಲ್ರಿ ಇಂವ. ನೀವರೆ ಹೇಳ್ರಿ."

ಮಾಳಪ್ಪ ಗ್ಲಾಸು ತೆಗೆದುಕೊಂಡ. ನೀರಡಿಕೆ ಇತ್ತು ಅವನಿಗೆ, ತುಟಿ ಒಡೆದಿದ್ದವು. ನೀರನ್ನು ಬಾಯಿಯ ಹತ್ತಿರ ತಂದ. ಇನ್ನೂ ತುಟಿಗೆ ತಾಗಿರಲಿಲ್ಲ. ಕುತ್ತಿಗೆಯ ನರಗಳೆಲ್ಲ ಒಮ್ಮೆಲೇ ಎದ್ದು ನಿಂತವು, ತಲೆ ಹಿಂದಕ್ಕೆ ಹೊಡೆಯಿತು, ಕಣ್ಣು ದೊಡ್ಡವಾದವು, ಗಂಟಲಿನಿಂದ ಒಂದು ಒಡಕು ದನಿ ಬಂತು. ಗ್ಲಾಸು ಗೋಡೆಗೆ ಬಡಿದು ಬಿತ್ತು. ಆ ದನಿ ನಾನು ಕೇಳಿದ್ದೆ. ನಮ್ಮ ಎಮ್ಮೆ ಕಟ್ಟಿದ ಗೋದಲೆಯಲ್ಲಿ ಕೇಳಿದ್ದೆ. ಅರವತ್ತರ ಹತ್ತಿರದ ನಾನು, ಏನೆಲ್ಲ ನೋಡಿದ್ದೇನೆ ಎಂದು ಜಂಭ ಪಡುವವನು, ಹಿಂದೆ ಸರಿದು ಗೋಡೆಗೆ ಅಂಟಿ ನಿಂತೆ.

ಒಂದು ನಿಮಿಷಕ್ಕೆ ಎಲ್ಲ ಇಳಿಯಿತು. ಮಾಳಪ್ಪ ಚೆಲ್ಲಿದ ನೀರು ನೋಡಿ, "ಏನಾತ್ರಿ ಕಾಕಾ ನನಗ?" ಅಂದ. ನಮ್ಮ ಮಾಳಪ್ಪನದೇ ದನಿ.

ಗಾಡಿ ಮಾಡಿಕೊಂಡು ಬೆಳಗಾವಿಗೆ ಹೋದೆವು. ಗಾಡಿಯ ಕಿಟಕಿಗಳನ್ನೆಲ್ಲ ಏರಿಸಿದ್ದೆವು, ಗಾಳಿ ತಾಗಬಾರದೆಂದು. ಅಲ್ಲಿಯ ದೊಡ್ಡ ಡಾಕ್ಟರು ಹೆಚ್ಚು ಏನೂ ಮಾಡಲಿಲ್ಲ. ಒಂದು ಕಾಗದ ಮಡಚಿ ಅವನ ಮುಖದ ಮುಂದೆ ಎರಡು ಸಲ ಬೀಸಿದರು. ಅಷ್ಟಕ್ಕೇ ಅವನ ಗಂಟಲು ಹಿಡಿದುಕೊಂಡಿತು. ಅವರು ಕಾಗದ ಕೆಳಗಿಟ್ಟು ನನ್ನನ್ನು ಹೊರಗೆ ಕರೆದರು. ಅವರು ಹೇಳುವುದು ನನಗೆ ಗೊತ್ತಿತ್ತು. ಆದರೂ ಕೈ ಮುಗಿದೆ.

"ನನಗ ಗೋಕಾಕದಾಗ ಹಾಕಿದ್ರಲ್ರಿ, ಸಿದ್ಧ ಮಾಡಿದ್ದು, ಅದನ್ನ ಇವಗೂ ಹಾಕ್ರಿ. ಎಷ್ಟ ಬೇಕಾದ್ರೂ ಹಾಕ್ರಿ."

"ಮಿದುಳಿನ ಸುತ್ತ ಒಂದು ಬೇಲಿ ಇರತೈತ್ರಿ ಅಜ್ಜಾರ" ಅಂದರು ಅವರು. ಒಳ್ಳೆಯ ಮನುಷ್ಯ, ನನ್ನ ಭುಜದ ಮೇಲೆ ಕೈ ಇಟ್ಟಿದ್ದರು. "ಕಂಡಕಂಡದ್ದು ಒಳಗ ಬರಬಾರ್ದಂತ. ನಾವು ಹಾಕೂ ಪ್ರೋಟೀನು ಅದನ್ನ ದಾಟಂಗಿಲ್ಲ. ಈ ರೋಗ ನರದ ಹಿತ್ತಲ ಬಾಗಿಲಿಂದ ಒಳಗ ಹೋಗೇತಿ. ಇನ್ನ ಅವಗ ನೋವು ಆಗದಂಗ ನೋಡಕೋತೀವಿ. ಅಷ್ಟ ಮಾಡಬಹುದು."

ಕತ್ತಲೆ ಕೋಣೆಯಲ್ಲಿ, ಕಿಟಕಿಗೆ ಪರದೆ ಎಳೆದು ಅವನನ್ನು ಮಲಗಿಸಿದರು. ಹುಚ್ಚು ಎಂದರೆ ಏನೂ ತಿಳಿಯದಂತಾಗುವುದು ಎಂದು ನಾನು ಅಂದುಕೊಂಡಿದ್ದೆ. ಹಾಗಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಆಗಾಗ ಮೈ ಸೆಟೆದು ಕೂಗುತ್ತಿದ್ದ, ಯಾರನ್ನೋ ಹೆದರಿ ನೋಡುತ್ತಿದ್ದ. ಅದು ಇಳಿದ ಮೇಲೆ ಅವನಿಗೆ ಎಲ್ಲ ತಿಳಿಯುತ್ತಿತ್ತು. ಕಾಜಲ್‌ಳ ಪರೀಕ್ಷೆ ಯಾವಾಗ ಎಂದು ಕೇಳಿದ. ಶಂಕ್ರವ್ವ ಮುಖ ಒರೆಸಲು ಹೋದರೆ, "ದೂರ ನಿಂದ್ರು. ನನ್ನ ಜೊಲ್ಲು ಮುಟ್ಟಬ್ಯಾಡ" ಅಂದ. ಅವನಿಗೆ ಯಾರೂ ಹೇಳಿರಲಿಲ್ಲ, ತಾನೇ ಅರ್ಥ ಮಾಡಿಕೊಂಡಿದ್ದ.

ನನ್ನನ್ನು ಹತ್ತಿರ ಕರೆದ.

"ಕಾಕಾ, ನೀರಡಿಕಿ ಆಗೇತ್ರಿ."

"ತರಲೇನು?"

"ಬ್ಯಾಡ್ರಿ. ಹೆಸರ ತಗೀಬ್ಯಾಡ್ರಿ ಅದರದ" ಎಂದು ಕಣ್ಣು ಮುಚ್ಚಿದ. ಮತ್ತೆ ಸ್ವಲ್ಪ ಹೊತ್ತಿಗೆ, "ನಾಲಿಗಿ ನೀವ ಹಿಡದಿದ್ರಿ ಅಲ್ರಿ?" ಅಂದ.

"ಹೂಂ."

"ನಿಮಗ ಆರಾಮ ಐತಿ?"

"ಐತಪ್ಪ."

"ನಿಮಗ ಹೆಂಗ ಆಗಲಿಲ್ರಿ?"

ಅದರಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ನಿಜವಾಗಿ ತಿಳಿಯಬೇಕಿತ್ತು ಅವನಿಗೆ. "ನಾ ಸೂಜಿ ಮಾಡಿಸ್ಕೊಂಡೆ" ಅಂದೆ. ನನ್ನ ದನಿ ನನಗೇ ಅಸಹ್ಯವಾಯಿತು.

"ನಾನೂ ಮಾಡಿಸ್ಕೊಂಡೇನಲ್ರಿ" ಅಂದ ಮಾಳಪ್ಪ.

ನಿನ್ನದು ಬೇರೆ ಸೂಜಿ ಎಂದು ಹೇಳಬೇಕಿತ್ತೇ? ಹೂಂ ಎಂದೆ. ಮರುದಿನ ಮಧ್ಯಾಹ್ನ ತೀರಿಕೊಂಡ.

ಅವನ ಜೊಲ್ಲು ತಾಗಿರಬಹುದೆಂದು ಶಂಕ್ರವ್ವನಿಗೂ ಕಾಜಲ್‌ಗೂ ಬೆಳಗಾವಿಯಲ್ಲೇ ಮೊದಲ ಸೂಜಿ ಹಾಕಿದ್ದರು. ಅವರ ಎರಡನೆಯದು, ನನ್ನ ಕಡೆಯದು ಒಂದೇ ದಿನ ಬಂತು. ಅದೇ ಆರೋಗ್ಯ ಕೇಂದ್ರಕ್ಕೆ ಎಲ್ಲರೂ ಕೂಡಿ ಹೋದೆವು. ಲಕ್ಕವ್ವನೂ ಬಂದಳು. ಅಂದು ಅಲ್ಲಿ ಗದ್ದಲ ಇರಲಿಲ್ಲ, ಬೆಂಚಿನ ಮೇಲೆ ನಾವಷ್ಟೇ. ಹೆಂಗಸರಿಬ್ಬರೂ ಪಕ್ಕಪಕ್ಕ ಕೂತರು. ಆಮೇಲೆ ಲಕ್ಕವ್ವ ಶಂಕ್ರವ್ವನ ಕೈ ಹಿಡಿದುಕೊಂಡಳು. ಶಂಕ್ರವ್ವ ಬಿಡಿಸಿಕೊಳ್ಳಲಿಲ್ಲ.

"ಕಾಕೂ, ನೀವು ಗಿಣ್ಣ ಕಳಸಲಿಲ್ಲಂತ ನಾ ಆ ದಿನ ಗುಡಿಗಿ ಹೋಗಿ ಕಾಯಿ ಒಡಸಿಕೊಂಡ ಬಂದಿದ್ದೆ" ಅಂದಳು. "ನಮ್ಮ ಮನಿ ಉಳೀತಂತ."

ಲಕ್ಕವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

"ಒಂದ ವಾಟಿ ಕಳಸಿದ್ರ ಅಂವನೂ ಎಲ್ಲಾರಂಗ ಹೆದರತಿದ್ದ. ಪಾಳಿ ಬಿಟ್ಟು ಬರ್ತಿದ್ದಿಲ್ಲ" ಅಂದಳು ಶಂಕ್ರವ್ವ. ಬೈಯುವ ದನಿಯಲ್ಲ ಅದು. ಬೈದಿದ್ದರೆ ನಾವು ತಡೆದುಕೊಳ್ಳುತ್ತಿದ್ದೆವು. ಲೆಕ್ಕ ಹಾಕಿ ನೋಡಿ, ಬಂದ ಉತ್ತರವನ್ನು ಹೇಳಿದ ಹಾಗಿತ್ತು.

ಒಳಗಿನಿಂದ ನರ್ಸು ನನ್ನ ಹೆಸರು ಕೂಗಿದಳು. ಎದ್ದು ಹೋಗಿ ಅಂಗಿಯ ತೋಳು ಏರಿಸಿದೆ. ಬಾಗಿಲು ತೆರೆದೇ ಇತ್ತು. ಸೂಜಿ ಹಾಕಿ, ಹತ್ತಿ ಒತ್ತಿ, ಅವಳು ದೊಡ್ಡ ದನಿಯಲ್ಲಿ, ಸಂತೋಷದ ಸುದ್ದಿ ಹೇಳುವವಳಂತೆ ಹೇಳಿದಳು.

"ಇದ ಕಡೇದ್ರಿ ಕಾಕಾ. ಇನ್ನ ನಿಮಗೇನೂ ಆಗಂಗಿಲ್ಲ."

ಶಂಕ್ರವ್ವನಿಗೆ ಕೇಳಿಸದಿರಲಿ ಎಂದು ನಾನು ಬಾಗಿಲ ಕಡೆ ತಿರುಗಿ ನೋಡಿದೆ. ಅವಳು ನನ್ನ ತೋಳನ್ನೇ ನೋಡುತ್ತಿದ್ದಳು.